ಬ್ರಿಟನ್ನಿನಲ್ಲಿ ಸಚಿವರಿಂದ ಉತ್ತರ ಪಡೆಯುವ ದಾರಿ: ಶಿರಸಿ, ಕಾರವಾರ ಕಡೆಯವರಿಗೆ

ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರದಿಂದ ಬ್ರಿಟನ್ನಿಗೆ ಬಂದವರಿಗೆ ಸದನದ ಪ್ರಶ್ನೋತ್ತರ ಹೊಸ ಸಂಗತಿಯಲ್ಲ. ಅಡಿಕೆಯ ಎಲೆಚುಕ್ಕಿ ರೋಗ, ಶಿಕ್ಷಕರಿಲ್ಲದ ಶಾಲೆ, ಇವೆಲ್ಲ ಚುಕ್ಕೆ ಗುರುತಿನ ಪ್ರಶ್ನೆಗಳಾಗುವುದನ್ನು ನೋಡಿದ ಜಿಲ್ಲೆ ನಮ್ಮದು. ಶಿರಸಿಯನ್ನು ಪ್ರತಿನಿಧಿಸಿದ್ದ ವಿಶ್ವೇಶ್ವರ ಹೆಗಡೆ ಕಾಗೇರಿಯವರು 2008ರಿಂದ 2013ರವರೆಗೆ ಶಿಕ್ಷಣ ಸಚಿವರಾಗಿ ಉತ್ತರ ಕೊಡುವ ಸಾಲಿನಲ್ಲಿದ್ದವರು. 2019ರಿಂದ ಸಭಾಧ್ಯಕ್ಷರಾಗಿ ಅದೇ ಪ್ರಶ್ನೋತ್ತರವನ್ನು ನಡೆಸಿದವರು. ಇಲ್ಲಿಯ ಪದ್ಧತಿಯೂ ಅದೇ ಬಗೆಯದು. ಆದರೆ ನಿಯಮ ಬೇರೆ, ಎಡವುವ ಜಾಗಗಳೂ ಬೇರೆ.

ಮೊದಲಿಗೆ, ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಹಕ್ಕು. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಭಾರತೀಯ ಪಾಸ್‌ಪೋರ್ಟ್ ಇಟ್ಟುಕೊಂಡೇ ನೀವು ಇಲ್ಲಿಯ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಇಲ್ಲಿ ವಾಸವಿದ್ದು, ಇರಲು ಅನುಮತಿಯ ವೀಸಾ ಇದ್ದರೆ ಸಾಕು. ವಿದ್ಯಾರ್ಥಿ ವೀಸಾದವರಿಗೂ ಈ ಹಕ್ಕಿದೆ. ಹೆಸರು ನೋಂದಾಯಿಸಲು ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಕೇಳುತ್ತಾರೆ. ಮತಗಟ್ಟೆಯಲ್ಲಿ ಗುರುತಿಗೆ ಭಾರತದ ಪಾಸ್‌ಪೋರ್ಟೇ ನಡೆಯುತ್ತದೆ. ಇನ್ನೂ ನೋಂದಾಯಿಸಿಲ್ಲವೆಂದರೆ ಈ ವಾರವೇ ಮುಗಿಸಿಕೊಳ್ಳಿ. ಮತದಾರರಲ್ಲದಿದ್ದರೂ ನಿಮ್ಮ ಕ್ಷೇತ್ರದ ಸಂಸದರ ನೆರವು ಕೇಳಬಹುದು, ಅದಕ್ಕೆ ಅಡ್ಡಿಯಿಲ್ಲ.

ಬಹಳ ಮಂದಿ ತಪ್ಪುವುದು ಯಾರನ್ನು ಕೇಳಬೇಕು ಎಂಬಲ್ಲಿ. ಕೃಷಿ, ಶಿಕ್ಷಣ ಎರಡೂ ಇಲ್ಲಿ ಹಂಚಿಹೋದ ಖಾತೆಗಳು. ಲಂಡನ್ನಿನ ಶಿಕ್ಷಣ ಸಚಿವರು ಶಾಲೆಗಳ ಬಗ್ಗೆ ಉತ್ತರಿಸುವುದು ಇಂಗ್ಲೆಂಡಿನ ಮಟ್ಟಿಗೆ ಮಾತ್ರ. ಗ್ಲಾಸ್ಗೋದಲ್ಲಿ ಮಗುವಿನ ಶಾಲೆಯ ತಕರಾರಿದ್ದರೆ ವೆಸ್ಟ್‌ಮಿನ್‌ಸ್ಟರ್ ಸಂಸದರಿಗೆ ಬರೆದು ಪ್ರಯೋಜನವಿಲ್ಲ, ಎಡಿನ್‌ಬರೋದ ಸ್ಕಾಟಿಷ್ ಪಾರ್ಲಿಮೆಂಟಿನ ಸದಸ್ಯರಿಗೆ ಬರೆಯಬೇಕು. ಕಾರ್ಡಿಫ್‌ನವರಿಗೆ ವೇಲ್ಸಿನ ಸಂಸತ್ತಾದ ಸೆನೆಡ್, ಬೆಲ್‌ಫಾಸ್ಟ್‌ನವರಿಗೆ ಉತ್ತರ ಐರ್ಲೆಂಡಿನ ವಿಧಾನಸಭೆ ಇರುವ ಸ್ಟಾರ್ಮಂಟ್. ರೈತರಿಗೆ ಕೊಡುವ ಸಹಾಯಧನವೂ ನಾಲ್ಕು ಕಡೆ ನಾಲ್ಕು ಬಗೆ.

ಮುಂದೆ ಬರೆದದ್ದು ಇಂಗ್ಲೆಂಡಿನಲ್ಲಿರುವವರಿಗೆ.

ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಪ್ರತಿ ಇಲಾಖೆಗೂ ಸುಮಾರು ಐದು ವಾರಕ್ಕೊಮ್ಮೆ ಮೌಖಿಕ ಪ್ರಶ್ನೆಯ ಸರದಿ ಬರುತ್ತದೆ. ಶಿಕ್ಷಣದ್ದು ಸಾಮಾನ್ಯವಾಗಿ ಸೋಮವಾರ, ಕೃಷಿ ಸೇರಿದ ಪರಿಸರ ಇಲಾಖೆಯದು ಗುರುವಾರ. ಯಾರ ಪ್ರಶ್ನೆ ಮೊದಲು ಎಂಬುದನ್ನು ಚೀಟಿ ಎತ್ತಿದಂತೆ ಕಂಪ್ಯೂಟರ್ ಆರಿಸುತ್ತದೆ. ಹಾಗಾಗಿ ನಿಮ್ಮ ವಿಷಯಕ್ಕೆ ಮೌಖಿಕ ಪ್ರಶ್ನೆಯನ್ನೇ ನಂಬಿ ಕೂರಬೇಡಿ, ಲಿಖಿತ ಪ್ರಶ್ನೆ ಕೇಳಿಸಿ. ಅದರಲ್ಲಿ ಎರಡು ಬಗೆ. ಸಾಮಾನ್ಯ ಪ್ರಶ್ನೆಗೆ ವಾರದೊಳಗೆ ಉತ್ತರಿಸುವುದು ರೂಢಿ. ದಿನ ಗೊತ್ತುಮಾಡಿದ ಪ್ರಶ್ನೆಗೆ ಸಂಸದರು ಸದನ ನಡೆಯುವ ಮೂರು ದಿನಗಳಷ್ಟಾದರೂ ಮುಂಚಿತ ಸೂಚನೆ ಕೊಡಬೇಕು. ಒಬ್ಬ ಸಂಸದರು ದಿನಕ್ಕೆ ಇಂಥ ಐದನ್ನಷ್ಟೇ ಹಾಕಬಹುದು. ಗೊತ್ತಾದ ದಿನಕ್ಕೆ ‘ಆದಷ್ಟು ಬೇಗ ಉತ್ತರಿಸುತ್ತೇವೆ’ ಎಂಬ ತಾತ್ಕಾಲಿಕ ಮಾತು ಬರುವುದೂ ಉಂಟು. ಅದನ್ನೇ ಉತ್ತರವೆಂದುಕೊಂಡು ಬಿಟ್ಟುಬಿಡಬೇಡಿ.

ಪ್ರಶ್ನೆಯ ಮಾತು ಹೇಗಿರಬೇಕು? ವಿಶೇಷ ಅಗತ್ಯವಿರುವ ಮಕ್ಕಳ ವಿಷಯವನ್ನೇ ತೆಗೆದುಕೊಳ್ಳಿ. ಇಂಗ್ಲೆಂಡಿನಲ್ಲಿ ಇಂಥ ಮಗುವಿಗೆ ಶಿಕ್ಷಣ, ಆರೋಗ್ಯ, ಆರೈಕೆಯ ಯೋಜನೆ ಬೇಕೆಂದು ಅರ್ಜಿ ಹಾಕಿದರೆ, ಮೌಲ್ಯಮಾಪನ ಮಾಡಬೇಕೋ ಬೇಡವೋ ಎಂದು ಕೌನ್ಸಿಲ್ (ಸ್ಥಳೀಯ ಆಡಳಿತ) 6 ವಾರದೊಳಗೆ ಹೇಳಬೇಕು. ಯೋಜನೆ ಕೊಡುವುದಾದರೆ 20 ವಾರದೊಳಗೆ ಅಂತಿಮಗೊಳಿಸಬೇಕು. ಗಡುವು ತಪ್ಪಿದೆ ಎನ್ನೋಣ. ‘ಸರ್ಕಾರ ಈ ಮಕ್ಕಳನ್ನು ಯಾಕೆ ಕಡೆಗಣಿಸಿದೆ?’ ಎಂದು ಬರೆದರೆ ಪ್ರಶ್ನೆಗಳನ್ನು ಪರಿಶೀಲಿಸುವ ಸದನದ ಟೇಬಲ್ ಆಫೀಸ್ ಅದನ್ನು ವಾದವೆಂದು ತಳ್ಳಿಹಾಕುತ್ತದೆ. ‘ನಮ್ಮ ಕೌನ್ಸಿಲ್ ಎಷ್ಟು ಯೋಜನೆಗಳನ್ನು ಗಡುವಿನೊಳಗೆ ಕೊಟ್ಟಿದೆ?’ ಎಂದರೂ ಆಗದು, ಆ ಅಂಕಿ ಪ್ರತಿ ವರ್ಷ ಪ್ರಕಟವಾಗುತ್ತದೆ. ಪ್ರಕಟವಾದದ್ದನ್ನು ಮತ್ತೆ ಕೇಳಲು ಬಿಡುವುದಿಲ್ಲ. ಕೇಳಬೇಕಾದದ್ದು ಹೀಗೆ: ‘ಇಂಥ ಕೌನ್ಸಿಲ್ 20 ವಾರದ ಗಡುವು ತಪ್ಪಿಸುತ್ತಿರುವ ಬಗ್ಗೆ ಇಲಾಖೆ ಆ ಕೌನ್ಸಿಲ್ ಜತೆ ಯಾವ ದಿನಾಂಕಗಳಂದು ಮಾತಾಡಿದೆ? ಮುಂದಿನ ಪರಿಶೀಲನೆ ಯಾವಾಗ?’ ಇದಕ್ಕೆ ದಿನಾಂಕ ಹೇಳಬೇಕು, ಇಲ್ಲವೇ ಮಾತಾಡಿಲ್ಲವೆಂದು ಒಪ್ಪಿಕೊಳ್ಳಬೇಕು. ಅದೂ ಬಿಟ್ಟು ನುಣುಚಿಕೊಂಡರೆ, ನುಣುಚಿಕೊಂಡದ್ದು ಎಲ್ಲರಿಗೂ ಕಾಣುತ್ತದೆ. ಮೂರರಲ್ಲಿ ಏನು ಬಂದರೂ ಮುಂದಿನ ಪ್ರಶ್ನೆಗೆ ಅದೇ ಆಧಾರ.

ಪ್ರಶ್ನೆಯನ್ನು ನೀವು ನೇರವಾಗಿ ಹಾಕುವಂತಿಲ್ಲ, ಸಂಸದರೇ ಹಾಕಬೇಕು. ಅವರಿಗೆ ಬರೆಯುವ ಇಮೇಲ್ ಒಂದು ಪುಟ ಮೀರದಿರಲಿ. ಮೊದಲ ಸಾಲಿನಲ್ಲೇ ಹೆಸರು, ಪೂರ್ತಿ ವಿಳಾಸ, ಪೋಸ್ಟ್‌ಕೋಡ್ ಬರೆಯಿರಿ. ಬೇರೆ ಕ್ಷೇತ್ರದವರ ಅಹವಾಲನ್ನು ಸಂಸದರು ಮುಟ್ಟುವುದಿಲ್ಲ, ಪೋಸ್ಟ್‌ಕೋಡ್ ಇಲ್ಲದ ಪತ್ರ ಹಾಗೇ ಬಿದ್ದಿರುತ್ತದೆ. ಆಮೇಲೆ ತಾರೀಖಿನ ಪ್ರಕಾರ ನಡೆದದ್ದು, ಕೊನೆಯಲ್ಲಿ ನೀವೇ ಬರೆದ ಪ್ರಶ್ನೆಯ ಕರಡು. ಕರಡು ಸಿದ್ಧವಿದ್ದರೆ ಸಿಬ್ಬಂದಿಯ ಅರ್ಧ ಕೆಲಸ ಮುಗಿದಂತೆ. ಮುಖತಃ ಮಾತಾಡುವುದಿದ್ದರೆ ಸಂಸದರು ಜನರ ಅಹವಾಲು ಕೇಳಲು ಕ್ಷೇತ್ರದಲ್ಲಿ ನಡೆಸುವ ‘ಸರ್ಜರಿ’ಗೆ ಮೊದಲೇ ಸಮಯ ಕೇಳಿಟ್ಟುಕೊಳ್ಳಿ, ಹೆಚ್ಚಾಗಿ ಶುಕ್ರವಾರ, ಶನಿವಾರ ಇರುತ್ತದೆ.

ಕೃಷಿಯಲ್ಲಿ ತುರ್ತು ಪ್ರಶ್ನೆಗೆ ಬೆಲೆ ಹೆಚ್ಚು. ಹಳೆಯ ನೇರ ಪಾವತಿಗಳ ಬದಲಿಗೆ ಇಂಗ್ಲೆಂಡಿನ ರೈತರು ನೆಚ್ಚಿಕೊಂಡಿದ್ದ ಸಸ್ಟೈನಬಲ್ ಫಾರ್ಮಿಂಗ್ ಇನ್ಸೆಂಟಿವ್ ಎಂಬ ಪರಿಸರಸ್ನೇಹಿ ಕೃಷಿಯ ಸಹಾಯಧನ ಯೋಜನೆಗೆ ಹೊಸ ಅರ್ಜಿ ಪಡೆಯುವುದನ್ನು 2025ರ ಮಾರ್ಚ್ 11ರಂದು ಮುನ್ಸೂಚನೆ ಇಲ್ಲದೆ ನಿಲ್ಲಿಸಿಬಿಟ್ಟರು. ಅರ್ಜಿ ಅರ್ಧ ತುಂಬಿಟ್ಟವನ ಗತಿಯೇನು? ಇಂಥ ಹೊತ್ತಲ್ಲಿ ಸಂಸದರು ಬೆಳಗ್ಗೆಯೇ ಸ್ಪೀಕರ್ ಬಳಿ ತುರ್ತು ಪ್ರಶ್ನೆ ಕೇಳಬಹುದು. ಒಪ್ಪಿದರೆ ಸಚಿವರು ಅದೇ ದಿನ ಸದನಕ್ಕೆ ಬಂದು ಉತ್ತರಿಸಬೇಕು. ನಮ್ಮಲ್ಲಿಯ ಶೂನ್ಯ ವೇಳೆಯಂಥದ್ದು ಇಲ್ಲಿಲ್ಲ. ಹಾಗಾಗಿ ನಿರ್ಧಾರ ಹೊರಬಿದ್ದ ರಾತ್ರಿಯೇ ಸಂಸದರಿಗೆ ಬರೆಯಬೇಕು, ಮೂರು ದಿನ ಬಿಟ್ಟರೆ ಆ ಬಾಗಿಲು ಮುಚ್ಚಿದ ಹಾಗೇ.

ಶಿಕ್ಷಣಕ್ಕೂ ಕೃಷಿಗೂ ಒಂದೊಂದು ಸೆಲೆಕ್ಟ್ ಕಮಿಟಿ, ಅಂದರೆ ಇಲಾಖೆಯ ಕೆಲಸವನ್ನು ವಿಚಾರಿಸುವ ಸಂಸದರ ಸಮಿತಿ, ಇದೆ. ಸದನದಲ್ಲಿ ಸಚಿವರು ಎರಡು ನಿಮಿಷದಲ್ಲಿ ಜಾರಿಕೊಳ್ಳಬಹುದು, ಕಮಿಟಿಯ ಮುಂದೆ ಗಂಟೆಗಟ್ಟಲೆ ಕೂರಬೇಕು. ವಿಚಾರಣೆ ಘೋಷಿಸಿದಾಗ ಯಾರು ಬೇಕಾದರೂ ಲಿಖಿತ ಸಾಕ್ಷ್ಯ ಕಳಿಸಬಹುದು, ಪೌರತ್ವ ಕೇಳುವುದಿಲ್ಲ. ಆದರೆ ನಿಮ್ಮೊಬ್ಬರ ಪ್ರಕರಣವನ್ನು ಬಗೆಹರಿಸುವುದು ಕಮಿಟಿಯ ಕೆಲಸವಲ್ಲ. ಬೇರೆಡೆ ಪ್ರಕಟಿಸಿದ ಬರಹವನ್ನೂ ಸ್ವೀಕರಿಸುವುದಿಲ್ಲ. ವರದಿ ಬಂದ ಮೇಲೆ ಸರ್ಕಾರ ಎರಡು ತಿಂಗಳಲ್ಲಿ ಉತ್ತರಿಸಬೇಕೆಂಬುದು ಪದ್ಧತಿ. ಆ ಉತ್ತರವನ್ನು ವರದಿಯ ಪಕ್ಕದಲ್ಲಿಟ್ಟು, ಯಾವ ಶಿಫಾರಸಿಗೆ ಮೌನ ವಹಿಸಿದ್ದಾರೆ ಎಂದು ನೋಡಿ.

ಸಂಸತ್ತಿನ ಇ-ಅರ್ಜಿಗೆ ಇಲ್ಲಿ ವಾಸವಿರುವವರೆಲ್ಲ ಸಹಿ ಹಾಕಬಹುದು. 10,000 ಸಹಿಯಾದರೆ ಸರ್ಕಾರ ಉತ್ತರಿಸುತ್ತದೆ, 1,00,000 ಆದರೆ ಚರ್ಚೆಗೆ ಪರಿಗಣಿಸುತ್ತಾರೆ.

ಇಲಾಖೆಯಿಂದಲೇ ನಿಮಗೆ ಅನ್ಯಾಯವಾಗಿದ್ದರೆ ದೂರುಗಳನ್ನು ಸ್ವತಂತ್ರವಾಗಿ ತನಿಖೆ ಮಾಡುವ ಪಾರ್ಲಿಮೆಂಟರಿ ಓಂಬುಡ್ಸ್‌ಮನ್ ಇದ್ದಾರೆ. ಮೊದಲು ಇಲಾಖೆಯ ದೂರು ಪ್ರಕ್ರಿಯೆ ಮುಗಿಸಿರಬೇಕು, ದೂರನ್ನು ಸಂಸದರ ಮೂಲಕವೇ ಕಳಿಸಬೇಕು. ಸಮಸ್ಯೆ ನಿಮ್ಮ ಗಮನಕ್ಕೆ ಬಂದ 12 ತಿಂಗಳೊಳಗೆ ದೂರು ಸಂಸದರ ಕೈ ಸೇರಿರಬೇಕು. ಕೌನ್ಸಿಲ್ ಮೇಲಿನ ದೂರಿಗೆ ಬೇರೆಯೇ ಓಂಬುಡ್ಸ್‌ಮನ್, ಅಲ್ಲಿಗೆ ನೀವು ನೇರವಾಗಿ ಹೋಗಬಹುದು.