ಸರ್ಕಾರಾನೂ ಬಗ್ಗಲ್ಲ, ಚೌಕಾನೂ ಖಾಲಿಯಾಗಲ್ಲ: ಈ ಗಂಟು ಬಿಡಿಸೋದು ಹೇಗೆ?

2014ರ ಫೆಬ್ರವರಿ 21. ಉಕ್ರೇನ್ ರಾಜಧಾನಿ ಕೀವ್‌ನಲ್ಲಿ ಅಧ್ಯಕ್ಷ ಯಾನುಕೋವಿಚ್ ಮತ್ತೆ ಮೂರು ಜನ ವಿರೋಧ ಪಕ್ಷದ ನಾಯಕರು ಕೂತು ಒಪ್ಪಂದಕ್ಕೆ ಸೈನ್ ಹಾಕಿದ್ರು. ಜರ್ಮನಿ, ಪೋಲೆಂಡ್ ವಿದೇಶಾಂಗ ಮಂತ್ರಿಗಳು ಸಾಕ್ಷಿ. ಹಳೇ ಸಂವಿಧಾನ ವಾಪಸ್, ಆ ವರ್ಷ ಮುಗಿಯೋದ್ರೊಳಗೆ ಚುನಾವಣೆ, ಪೇಪರ್ ಮೇಲೆ ನೋಡಿದ್ರೆ ಹೋರಾಟಗಾರರು ಗೆದ್ದಂಗೇ ಇತ್ತು. ಅದೇ ಸಂಜೆ ಆ ಮೂರು ಜನ ಹೋರಾಟಗಾರರು ತುಂಬಿದ್ದ ಮೈದಾನ್ ಚೌಕದ ಸ್ಟೇಜ್ ಹತ್ತಿದ್ರೆ ಜನ ಛೀಮಾರಿ ಹಾಕಿದ್ರು. ಹಿಂದಿನ ದಿನ ತಾನೇ ಗುಂಡೇಟಿಗೆ ಹತ್ತಾರು ಜನ ಸತ್ತಿದ್ರು, ಅವರ ಹೆಣದ ಮುಂದೆ ನಿಂತು ಡಿಸೆಂಬರ್ ತನಕ ಕಾಯಿರಿ ಅಂದ್ರೆ ಯಾರು ಕೇಳ್ತಾರೆ. ಬೆಳಗಾಗೋದ್ರೊಳಗೆ ಅಧ್ಯಕ್ಷರೂ ಊರು ಬಿಟ್ಟಿದ್ರು, ಒಪ್ಪಂದ ಒಂದು ದಿನ ಪೂರ್ತಿ ಬಾಳಲಿಲ್ಲ.

ಎದುರಿಗೆ ಕೂತವರನ್ನ ಒಪ್ಪಿಸೋದು ಅರ್ಧ ಕೆಲಸ ಅಷ್ಟೇ, ಬೆನ್ನ ಹಿಂದೆ ನಿಂತಿರೋ ನಮ್ಮವರನ್ನ ಒಪ್ಪಿಸೋದೇ ಕಷ್ಟದ ಅರ್ಧ. ಇದು ಮಂತ್ರಿಗೂ ಅಷ್ಟೇ, ಧರಣಿ ಮುಖಂಡನಿಗೂ ಅಷ್ಟೇ. ನೀವು ಯಾವ ಕಡೆಯವರಾಗಿರಿ, ಅಥವಾ ನಡುವೆ ಸಿಕ್ಕಾಕೊಂಡಿರೋ ಸಂಧಾನದವರಾಗಿರಿ, ಕೆಳಗಿನ ಪ್ರತಿ ಹೆಜ್ಜೆಗೂ ಒಂದು ಪ್ರಶ್ನೆ ಹಾಕ್ಕೊಳ್ಳಿ: ಇದನ್ನ ಹಿಡ್ಕೊಂಡು ಇವನು ವಾಪಸ್ ಹೋಗಿ ತನ್ನವರ ಮುಂದೆ ನಿಲ್ಲೋಕೆ ಆಗುತ್ತಾ?

ಹೆಜ್ಜೆ 1: ಜಗಳ ಯಾವುದರ ಮೇಲೆ ಅಂತ ನೋಡಿ

ಬೇಡಿಕೆಗಳಲ್ಲಿ ಮೂರು ಜಾತಿ ಇದೆ. ಒಂದು ಕಾಯ್ದೆನೋ ದರಾನೋ ವಾಪಸ್ ತಗೊಳ್ಳಿ ಅನ್ನೋದು. ಇನ್ನೊಂದು, ಇವರು ಕುರ್ಚಿ ಬಿಡ್ಲಿ. ಮೂರನೇದು, ಆಟದ ನಿಯಮಾನೇ ಬದಲಾಗ್ಲಿ ಅನ್ನೋದು, ಅಂದ್ರೆ ಸಂವಿಧಾನ, ಚುನಾವಣಾ ಪದ್ಧತಿ ಇಂಥವು. ಒಂದಕ್ಕೆ ಮಾಡಿದ ಬೀಗದ ಕೈ ಇನ್ನೊಂದಕ್ಕೆ ಆಗಲ್ಲ, ಮೇಲಾಗಿ ಬೇಡಿಕೆ ಒಂದು ಜಾತಿಯಿಂದ ಇನ್ನೊಂದಕ್ಕೆ ಜಾರ್ತಾ ಹೋಗುತ್ತೆ, ಎಷ್ಟು ತಡ ಮಾಡ್ತೀರೋ ಅಷ್ಟು ಜಾರುತ್ತೆ.

ಚಿಲಿ ನೋಡಿ. 2019ರ ಅಕ್ಟೋಬರ್‌ನಲ್ಲಿ ಸ್ಯಾಂಟಿಯಾಗೊ ಮೆಟ್ರೊ ಟಿಕೆಟ್ ದರ 30 ಪೆಸೊ ಏರಿಸಿದ್ರು. 18ನೇ ತಾರೀಕು ಊರು ಹೊತ್ತಿ ಉರೀತು, ಮಾರನೇ ದಿನಾನೇ ಅಧ್ಯಕ್ಷ ಪಿನ್ಯೆರಾ ದರ ಏರಿಕೆ ತಡೆ ಹಿಡಿದ್ರು, ಮುಗೀತಲ್ಲ ಅಂದ್ಕೊಂಡಿದ್ರೋ ಏನೋ. ಜನ "30 ಪೆಸೊ ಅಲ್ಲ, 30 ವರ್ಷ" ಅಂತ ಕೂಗೋಕೆ ಶುರು ಮಾಡಿದ್ರು, ಅಂದ್ರೆ ಸರ್ವಾಧಿಕಾರ ಹೋದ ಮೇಲಿನ ಅಷ್ಟೂ ವರ್ಷದ ಸಿಟ್ಟು. ಅದೇ ಸರ್ಕಾರ ನವೆಂಬರ್ 15ಕ್ಕೆ ಹೊಸ ಸಂವಿಧಾನದ ಬಗ್ಗೆ ಜನಮತ ಗಣನೆಗೆ ಒಪ್ಪಬೇಕಾಯ್ತು. ಸರ್ಕಾರ 30 ಪೆಸೊಗೆ ಉತ್ತರ ಕೊಡ್ತಿರುವಾಗ ಜನ 30 ವರ್ಷದ ಪ್ರಶ್ನೆ ಕೇಳ್ತಿದ್ರು, ತಪ್ಪಿದ್ದು ಅಲ್ಲೇ.

ಹೆಜ್ಜೆ 2: ಇಬ್ಬರೂ ಇದ್ದಲ್ಲೇ ನಿಲ್ಲಿ

ಮಾತುಕತೆ ಅಂತ ಬಾಯಲ್ಲಿ ಹೇಳ್ತಾ ಇನ್ನೊಂದು ಕಡೆ ಲಾಠಿ ಬೀಸಿದ್ರೆ ಆಗಲ್ಲ. ಹಂಗಂತ ಧರಣಿಯವರೂ ದಿನಕ್ಕೊಂದು ಹೊಸ ರಸ್ತೆ ಹಿಡಿದ್ರೆ ಆಗಲ್ಲ. ಕಾಯ್ದೆ ಜಾರಿ ನಿಲ್ಲಿಸಿ, ಹೊಸ ಅರೆಸ್ಟ್ ಬೇಡ, ಆ ಕಡೆಯಿಂದ ಆಂಬುಲೆನ್ಸ್‌ಗೆ ದಾರಿ ಬಿಡಿ, ಹೊಸ ಜಾಗಕ್ಕೆ ನುಗ್ಗಬೇಡಿ. ಯಾರೂ ಗೆದ್ದಿಲ್ಲ, ಯಾರೂ ಸೋತಿಲ್ಲ, ಸುಮ್ನೆ ನಿಂತಿದ್ದೀವಿ ಅಷ್ಟೇ.

ಇದಕ್ಕೆ ಉಲ್ಟಾ ಮಾಡಿದ್ದು ಕೆನಡಾದ ಕ್ವಿಬೆಕ್. 2012ರಲ್ಲಿ ಫೀಸ್ ಏರಿಕೆ ವಿರುದ್ಧ ವಿದ್ಯಾರ್ಥಿಗಳ ಮುಷ್ಕರ ಜೋರಾಗಿದ್ದಾಗ ಸರ್ಕಾರ ಮೇ 18ಕ್ಕೆ ತುರ್ತಾಗಿ ಒಂದು ಕಾನೂನು ತಂತು, 50 ಜನ ಇಲ್ಲಾ ಅದಕ್ಕಿಂತ ಜಾಸ್ತಿ ಸೇರಿ ಪ್ರತಿಭಟನೆ ಮಾಡ್ಬೇಕಾದ್ರೆ ಎಂಟು ಗಂಟೆ ಮುಂಚೆ ಪೊಲೀಸರಿಗೆ ತಿಳಿಸ್ಬೇಕು ಅಂತ. ಅಲ್ಲಿ ತನಕ ಫೀಸ್ ಬಗ್ಗೆ ತಲೆ ಕೆಡಿಸ್ಕೊಳ್ಳದೇ ಇದ್ದ ಮಾಮೂಲಿ ಮನೆಯವರೂ ಪಾತ್ರೆ ಬಡ್ಕೊಂಡು ಬೀದಿಗೆ ಬಂದ್ರು. ಸೆಪ್ಟೆಂಬರ್ ಚುನಾವಣೆಯಲ್ಲಿ ಆ ಸರ್ಕಾರಾನೂ ಹೋಯ್ತು, ಫೀಸ್ ಏರಿಕೆನೂ ಹೋಯ್ತು.

ನಿಲ್ಲಿಸೋ ಕೆಲಸ ಆಳೋ ಕಡೆಯಿಂದಲೇ ಶುರುವಾದ್ರೆ ಇನ್ನೂ ಒಳ್ಳೇದು. 2013ರಲ್ಲಿ ಟ್ಯುನೀಷಿಯಾದ ಸಂವಿಧಾನ ಸಭೆ ಅಧ್ಯಕ್ಷ ಬೆನ್ ಜಾಫರ್, ಅವರ ಪಕ್ಷ ಸರ್ಕಾರದಲ್ಲೇ ಇತ್ತು, ಆದ್ರೂ ಆಗಸ್ಟ್ 6ಕ್ಕೆ ಮಾತುಕತೆ ಶುರುವಾಗೋ ತನಕ ಸಭೆ ಕೆಲಸ ನಿಲ್ಲಿಸ್ತೀನಿ ಅಂದ್ರು. ಸರ್ಕಾರ ಇಳೀಲಿ ಅಂತ ಸಭೆ ಹೊರಗಡೆ ಧರಣಿ ಕೂತವರಿಗೆ ತೋರಿಸೋಕೆ ಏನೋ ಒಂದು ಸಿಕ್ತು, ಸರ್ಕಾರಾನೂ ಬಿದ್ದಿರಲಿಲ್ಲ.

ಹೆಜ್ಜೆ 3: ಯಾರ ಜೊತೆ ಮಾತಾಡೋದು?

ಮುಖಂಡರೇ ಇಲ್ಲದ ಹೋರಾಟ ಈಗಿನ ದೊಡ್ಡ ತಲೆನೋವು. ಫ್ರಾನ್ಸಿನ ಹಳದಿ ಜಾಕೆಟ್‌ನವರು 2018ರ ನವೆಂಬರ್ 17ಕ್ಕೆ ಇಂಧನ ತೆರಿಗೆ ವಿರುದ್ಧ ರಸ್ತೆಗಿಳಿದ್ರು, ಪ್ರಧಾನಿ ಮಾತಿಗೆ ಕರೆದಾಗ ಹೋಗ್ತೀವಿ ಅಂದ ಕೆಲವರಿಗೆ ತಮ್ಮ ಕಡೆಯವರಿಂದಲೇ ಬೆದರಿಕೆ ಬಂದು ಮೀಟಿಂಗೇ ರದ್ದಾಯ್ತು. ಕೊನೆಗೆ ತೆರಿಗೆ ಕೈ ಬಿಟ್ಟು, 2019ರ ಜನವರಿಯಿಂದ ಮಾರ್ಚ್ ತನಕ ದೇಶದ ತುಂಬಾ ಸಾರ್ವಜನಿಕ ಚರ್ಚೆ ಅಂತ ಇಟ್ಟು ನೇರವಾಗಿ ಜನರ ಹತ್ರಾನೇ ಹೋದ್ರು. ಗಲಾಟೆ ಪೂರ್ತಿ ನಿಲ್ಲಲಿಲ್ಲ, ಕಾವು ಇಳೀತು.

ಸರ್ಕಾರಕ್ಕೆ ಇಲ್ಲಿ ಒಂದು ಕೆಟ್ಟ ಆಸೆ ಹುಟ್ಟುತ್ತೆ, ಮೆತ್ತಗಿರೋ ಒಂದು ಗುಂಪನ್ನ ಪಕ್ಕಕ್ಕೆ ಕರೆದು ಒಪ್ಪಂದ ಮಾಡ್ಕೊಂಡು ಫೋಟೊ ಬಿಡೋಣ ಅಂತ. ದಯವಿಟ್ಟು ಬೇಡ. ಮೆತ್ತಗಿರೋವ್ರು ಅವತ್ತೇ ದ್ರೋಹಿಗಳಾಗ್ತಾರೆ, ನಿಮಗೆ ಉಳಿಯೋದು ಗಟ್ಟಿ ಪಟ್ಟಿನವರು ಮಾತ್ರ. ಭಾರತದಲ್ಲಿ 2020-21ರ ರೈತ ಹೋರಾಟದಲ್ಲಿ ಹತ್ತಾರು ಸಂಘಟನೆಗಳಿದ್ವು, ಒಬ್ಬರಿಗೊಬ್ಬರಿಗೆ ಆಗದವರೂ ಇದ್ರು, ಆದ್ರೆ ಮಾತುಕತೆಗೆ ಎಲ್ಲರೂ ಒಟ್ಟಿಗೇ ಹೋಗ್ತಿದ್ರು, ನೋಡೋಕೆ ಸಂತೆ ತರ. ಆ ಸಂತೆಯಿಂದ ಒಂದು ಲಾಭ ಅಂದ್ರೆ ಒಳಗಡೆ ಏನಾಯ್ತು ಅಂತ ಹೊರಗಡೆ ಅನುಮಾನ ಪಡೋರು ಕಡಿಮೆ.

ಹೆಜ್ಜೆ 4: ನಡುವೆ ಕೂರೋರು

ಇಡೀ ಕೆಲಸ ನಿಂತಿರೋದು ಇದರ ಮೇಲೆ, ಸ್ವಲ್ಪ ಉದ್ದ ಬರೀತೀನಿ, ಸಹಿಸ್ಕೊಳ್ಳಿ.

ಮಧ್ಯಸ್ಥ ಅಂದ್ರೆ ಒಳ್ಳೆಯವನು, ನ್ಯಾಯವಂತ ಅಂತ ಹುಡುಕ್ತಾರೆ. ಬರೀ ಒಳ್ಳೆಯವನು ಸಾಲಲ್ಲ. ಅವನು ಎದ್ದು ಹೋದ್ರೆ ಇಬ್ಬರಿಗೂ ನಷ್ಟ ಆಗ್ಬೇಕು, ಹಂಗಿರ್ಬೇಕು. ಟ್ಯುನೀಷಿಯಾದಲ್ಲಿ 2013ರ ಜುಲೈ 25ಕ್ಕೆ ವಿರೋಧ ಪಕ್ಷದ ಮೊಹಮದ್ ಬ್ರಾಹ್ಮಿ ಕೊಲೆಯಾದ ಮೇಲೆ ದೇಶ ಎರಡಾಗಿ ಹೋಗಿತ್ತು. ಎನ್ನಹ್ದಾ ಪಕ್ಷದ ನೇತೃತ್ವದ ಸರ್ಕಾರ ನಾವು ಗೆದ್ದು ಬಂದಿದ್ದೀವಿ ಅಂತಿತ್ತು, ಬೀದಿಯವರು ಇವತ್ತೇ ಇಳೀರಿ ಅಂತಿದ್ರು. ಆಗ ನಡುವೆ ಬಂದಿದ್ದು ನಾಲ್ಕು ಸಂಸ್ಥೆ: ದೇಶದ ದೊಡ್ಡ ಕಾರ್ಮಿಕ ಸಂಘ, ಮಾಲೀಕರ ಸಂಘ, ಮಾನವ ಹಕ್ಕು ಸಂಘ, ವಕೀಲರ ಸಂಘ. ಕಾರ್ಮಿಕರು ಮಾಲೀಕರು ಒಂದೇ ಕಡೆ! ಎಣ್ಣೆ ಸೀಗೆಕಾಯಿ ಒಟ್ಟಿಗೆ ಬಂದ್ರೆ ಮಾತು ಬೇಡ ಅನ್ನೋಕೆ ಯಾರಿಗೂ ಧೈರ್ಯ ಬರಲ್ಲ, ಕಾರ್ಮಿಕ ಸಂಘ ಮನಸ್ಸು ಮಾಡಿದ್ರೆ ದೇಶಾನೇ ಬಂದ್ ಆಗ್ತಿತ್ತು.

ಅವರು ಮಾಡಿದ ಜಾಣತನ ಏನು ಅಂದ್ರೆ, ಚರ್ಚೆಗೆ ಬನ್ನಿ ಅಂತ ಖಾಲಿ ಮೇಜು ಹಾಕಲಿಲ್ಲ. ಸರ್ಕಾರ ಇಳಿಯೋದು, ಸಂವಿಧಾನ ಮುಗಿಸೋದು, ಚುನಾವಣಾ ಆಯೋಗ ಮಾಡೋದು, ಮೂರಕ್ಕೂ ಟೈಮ್‌ಟೇಬಲ್ ಬರೆದು, ಮೊದಲು ಇದಕ್ಕೆ ಸೈನ್ ಹಾಕಿ ಆಮೇಲೆ ಒಳಗೆ ಬನ್ನಿ ಅಂದ್ರು. ಸರ್ಕಾರದಲ್ಲಿದ್ದ ಒಂದು ಪಕ್ಷ ಸೈನ್ ಹಾಕಲಿಲ್ಲ, ಅವರನ್ನ ಬಿಟ್ಟೇ ಶುರು ಮಾಡಿದ್ರು. ಹಂಗಂತ ಸಲೀಸಾಗೇನೂ ಹೋಗಲಿಲ್ಲ, ಪ್ರಧಾನಿ ಯಾರಾಗ್ಬೇಕು ಅಂತ ವಾರಗಟ್ಟಲೆ ಸಿಕ್ಕಾಕೊಂಡಿತ್ತು. ಕೊನೆಗೆ 2014ರ ಜನವರಿ 9ಕ್ಕೆ ಪ್ರಧಾನಿ ಲಾರಯೆದ್ ರಾಜೀನಾಮೆ ಕೊಟ್ರು, 26ಕ್ಕೆ ಸಂವಿಧಾನ ಪಾಸಾಯ್ತು, ಪರವಾಗಿ 200 ವೋಟು. ಸಂವಿಧಾನ ನಮ್ಮ ಕಾಲದಲ್ಲಾಯ್ತು ಅಂತ ಇವರು ಹೇಳ್ಕೊಂಡ್ರು, ಸರ್ಕಾರ ಇಳಿಸಿದ್ವಿ ಅಂತ ಅವರು ಹೇಳ್ಕೊಂಡ್ರು. ಆ ನಾಲ್ಕೂ ಸಂಸ್ಥೆಗೆ 2015ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು. (2021ರಲ್ಲಿ ಆಗಿನ ದೇಶದ ಅಧ್ಯಕ್ಷರು ಸಂಸತ್ತನ್ನೇ ಅಮಾನತು ಮಾಡಿದ್ರು. ಒಪ್ಪಂದಕ್ಕೆ ಅಷ್ಟು ವರ್ಷದ ವಾರಂಟಿ ಇರಲ್ಲ.)

ಯಾರನ್ನ ಕರೀಬಾರದು ಅಂದ್ರೆ, ಬಂದೂಕು ಇರೋವ್ರನ್ನ. ಥಾಯ್ಲೆಂಡ್‌ನಲ್ಲಿ 2014ರ ಮೇ 20ಕ್ಕೆ ಸೇನೆ ಮಾರ್ಷಲ್ ಲಾ ಹಾಕಿ, ನಾವು ಬರೀ ಮಾತಾಡಿಸ್ತೀವಿ ಅಂತ ಸರ್ಕಾರದವರನ್ನೂ ಹೋರಾಟದವರನ್ನೂ ಆರ್ಮಿ ಕ್ಲಬ್ಬಿಗೆ ಕರೀತು. 22ಕ್ಕೆ ಎರಡನೇ ಮೀಟಿಂಗ್. ಎರಡೂ ಕಡೆ ಬಗ್ಗಲಿಲ್ಲ ಅಂತ ಜನರಲ್ ಪ್ರಯುತ್ ಅಧಿಕಾರ ತಾವೇ ತಗೊಂಡ್ರು, ಮಾತಿಗೆ ಬಂದಿದ್ದವರನ್ನ ಅಲ್ಲಿಂದಲೇ ಹಿಡ್ಕೊಂಡು ಹೋದ್ರು. ಬೇಲಿ ಎದ್ದು ಹೊಲ ಮೇಯ್ದಿದ್ದು ಅಂದ್ರೆ ಇದೇ.

ಕೋರ್ಟ್ ಕೂಡ ಯಾವಾಗ್ಲೂ ಆಗಿ ಬರಲ್ಲ. ಭಾರತದ ಸುಪ್ರೀಂ ಕೋರ್ಟ್ 2021ರ ಜನವರಿ 12ಕ್ಕೆ ಮೂರೂ ಕೃಷಿ ಕಾಯ್ದೆಗೆ ತಡೆ ಕೊಟ್ಟು ನಾಲ್ಕು ಜನರ ಸಮಿತಿ ಮಾಡ್ತು. ತಡೆ ಸರಿ ಇತ್ತು, ಆದ್ರೆ ಸಮಿತಿಯವರು ಮೊದಲೇ ಕಾಯ್ದೆ ಪರ ಮಾತಾಡಿದವರು ಅಂತ ರೈತ ಸಂಘಟನೆಗಳು ಅದರ ಮುಂದೆ ಹೋಗಲ್ಲ ಅಂದ್ರು, ಎರಡು ದಿನಕ್ಕೆ ಒಬ್ಬ ಸದಸ್ಯರೂ ಹೊರಗೆ ಬಂದ್ರು.

ಹೆಜ್ಜೆ 5: ಬಾಗಿಲು ಹಾಕಿ, ಆದ್ರೆ ಕಿಟಕಿ ತೆಗೆದಿಡಿ

ಲೈವ್ ಟಿವಿಯಲ್ಲಿ ಮಾತುಕತೆ ಮಾಡಿ ಅನ್ನೋದು ಕೇಳೋಕೆ ಚೆನ್ನ. 2010ರ ಮಾರ್ಚ್ 28, 29ಕ್ಕೆ ಅದೇ ಥಾಯ್ಲೆಂಡ್‌ನಲ್ಲಿ ಪ್ರಧಾನಿ ಅಭಿಸಿತ್ ಮತ್ತೆ ಕೆಂಪು ಅಂಗಿಯವರು ಅಂತ ಕರೆಸ್ಕೊಳ್ತಿದ್ದ ಹೋರಾಟಗಾರರ ಮುಖಂಡರು ಕ್ಯಾಮೆರಾ ಮುಂದೆ ಕೂತ್ರು. ಕೆಂಪು ಅಂಗಿಯವರು 15 ದಿನದಲ್ಲಿ ಸಂಸತ್ತು ವಿಸರ್ಜಿಸಿ ಅಂದ್ರು, ಪ್ರಧಾನಿ ಒಂಬತ್ತು ತಿಂಗಳು ಬೇಕು ಅಂದ್ರು. ನಡುವೆ ಎಲ್ಲೋ ಒಂದು ತಾರೀಕು ಇತ್ತು, ಆದ್ರೆ ಲಕ್ಷಾಂತರ ಜನ ನೋಡ್ತಿರುವಾಗ ಮೊದಲು ಇಳಿಯೋನು ಯಾರು? ಮೇ ತಿಂಗಳಲ್ಲಿ ನವೆಂಬರ್ 14ಕ್ಕೆ ಚುನಾವಣೆ ಅಂತ ಆಫರ್ ಬಂತು, ಹೋರಾಟದವರು ಒಪ್ಪಿದಂಗೆ ಒಪ್ಪಿ ಮತ್ತೆ ಷರತ್ತು ಹಾಕಿದ್ರು, ಸರ್ಕಾರ ಆಫರ್ ವಾಪಸ್ ತಗೊಂಡು 19ಕ್ಕೆ ಸೇನೆ ನುಗ್ಗಿಸ್ತು. ಆ ಗಲಾಟೆ ಮುಗಿಯೋ ಹೊತ್ತಿಗೆ ಸತ್ತವರು 90 ದಾಟಿದ್ರು.

ಆದ್ರಿಂದ ಬೈದಾಡೋದು, ಚೌಕಾಸಿ ಮಾಡೋದು ಒಳಗಡೆ ಇರ್ಲಿ. ಇವತ್ತು ಯಾವ ವಿಷಯ ಚರ್ಚೆ ಆಯ್ತು, ಮುಂದಿನ ಮೀಟಿಂಗ್ ಯಾವಾಗ, ಇಷ್ಟು ಮಾತ್ರ ಪ್ರತಿ ಸಂಜೆ ಇಬ್ಬರೂ ಒಂದೇ ಚೀಟಿ ಓದ್ಲಿ. ಬೇರೆ ಬೇರೆ ಪ್ರೆಸ್‌ಮೀಟ್ ಮಾಡಿದ್ರೆ ಒಳಗೆ ಕಟ್ಟಿದ್ದು ಹೊರಗೆ ಬೀಳುತ್ತೆ.

ಹೆಜ್ಜೆ 6: ಸಣ್ಣದು ಮೊದಲಾ, ದೊಡ್ಡದು ಮೊದಲಾ

ಸುಲಭದ್ದು ಮೊದಲು ಮುಗಿಸಿ ಅಂತ ಎಲ್ಲರೂ ಹೇಳ್ತಾರೆ. ನನಗೆ ಅಷ್ಟು ನಂಬಿಕೆ ಇಲ್ಲ. ರೈತರ ಮಾತುಕತೆಯಲ್ಲಿ 2020ರ ಡಿಸೆಂಬರ್ 30ಕ್ಕೆ ನಾಲ್ಕು ಬೇಡಿಕೆಯಲ್ಲಿ ಎರಡು ಒಪ್ಪಿದ್ರು, ಕೂಳೆ ಸುಡೋದಕ್ಕೆ ದಂಡ, ವಿದ್ಯುತ್ ಮಸೂದೆ. ಅರ್ಧ ಮುಗೀತು ಅಂತ ಸುದ್ದಿ ಆಯ್ತು. ಆದ್ರೆ ಕಾಯ್ದೆ ರದ್ದತಿ ಅನ್ನೋ ಮೂಲ ಅಲ್ಲೇ ಇತ್ತು, ಒಂದೂವರೆ ವರ್ಷ ತಡೆ ಹಿಡೀತೀವಿ ಅಂದ್ರೂ ರೈತರು ಒಪ್ಪಲಿಲ್ಲ, 11ನೇ ಸುತ್ತಿಗೆ ಜನವರಿ 22ಕ್ಕೆ ಎಲ್ಲಾ ನಿಂತೇ ಹೋಯ್ತು. ಸಣ್ಣದು ಕೊಟ್ಟರೆ ಕೂತು ಮಾತಾಡೋ ಅಭ್ಯಾಸ ಆಗುತ್ತೆ, ಅಷ್ಟೇ. ದೊಡ್ಡದಕ್ಕೆ ಬದಲಿ ಆಗಲ್ಲ.

ಹೆಜ್ಜೆ 7: ಯಾರು ಮೊದಲು ಅನ್ನೋದನ್ನ ಬರೀರಿ

ಜಾಗ ಖಾಲಿ ಮಾಡಿ ಆಮೇಲೆ ಕಾಯ್ದೆ ವಾಪಸ್, ಇಲ್ಲ ಮೊದಲು ವಾಪಸ್ ತಗೊಳ್ಳಿ ಆಮೇಲೆ ಹೋಗ್ತೀವಿ. ನಂಬಿಕೆ ಇಲ್ಲದ ಕಡೆ ಯಾರೂ ಮೊದಲ ಹೆಜ್ಜೆ ಇಡಲ್ಲ, ಅದಕ್ಕೇ ಹೆಜ್ಜೆಗೆ ಹೆಜ್ಜೆ ಕಟ್ಟಬೇಕು, ನೀನು ಇದು ಮಾಡಿದ ದಿನ ನಾನು ಅದು ಮಾಡ್ತೀನಿ ಅಂತ, ತಾರೀಕು ಸಮೇತ. ಪರಿಶೀಲಿಸ್ತೀವಿ, ಸಕಾರಾತ್ಮಕವಾಗಿ ನೋಡ್ತೀವಿ ಅನ್ನೋ ಅಡ್ಡಗೋಡೆ ಮೇಲೆ ದೀಪ ಇಡೋ ಮಾತು ಕಂಡ್ರೆ ಹೊಡೆದು ಹಾಕಿ. ಪ್ರಧಾನಿ 2021ರ ನವೆಂಬರ್ 19ಕ್ಕೆ ಟಿವಿಯಲ್ಲಿ ಕಾಯ್ದೆ ವಾಪಸ್ ಅಂದ್ರೂ ರೈತರು ಎದ್ದು ಹೋಗಲಿಲ್ಲ. 29ಕ್ಕೆ ಸಂಸತ್ತಿನ ಎರಡೂ ಮನೆಯಲ್ಲಿ ರದ್ದಾಯ್ತು, ಆಗಲೂ ಹೋಗಲಿಲ್ಲ. ಕೇಸು ವಾಪಸ್, ಬೆಂಬಲ ಬೆಲೆ ಸಮಿತಿ ಇದರ ಬಗ್ಗೆ ಸರ್ಕಾರದ ಪತ್ರ ಕೈಗೆ ಬಂದ ಮೇಲೆ ಡಿಸೆಂಬರ್ 9ಕ್ಕೆ ಹೋರಾಟ ಸದ್ಯಕ್ಕೆ ನಿಲ್ಲಿಸ್ತೀವಿ ಅಂದ್ರು.

ಹೆಜ್ಜೆ 8: ಈಗ ನಿಮ್ಮವರ ಹತ್ರ ಹೋಗಿ

1968ರ ಮೇನಲ್ಲಿ ಫ್ರಾನ್ಸ್‌ನಲ್ಲಿ ಮುಷ್ಕರ ಜೋರಾಗಿದ್ದಾಗ ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಮೂರು ದಿನ ಕೂತು ಕನಿಷ್ಠ ಕೂಲಿ 35 ಪರ್ಸೆಂಟ್ ಏರಿಸೋಕೆ ಒಪ್ಪಿದ್ರು. ಸಣ್ಣ ಮಾತಲ್ಲ ಅದು. 27ಕ್ಕೆ ಮುಖಂಡರು ರೆನೊ ಕಾರ್ಖಾನೆಗೆ ಹೋಗಿ ಓದಿದ್ರೆ ಕಾರ್ಮಿಕರು ಬೇಡ ಅಂದ್ರು. ಕಡೆಗೆ ಮೂರು ದಿನ ಬಿಟ್ಟು ಅಧ್ಯಕ್ಷ ದ ಗಾಲ್ ಸಂಸತ್ತು ವಿಸರ್ಜಿಸಿ ಚುನಾವಣೆ ಕರೆದ್ರು, ಜೂನ್‌ನಲ್ಲಿ ಅವರ ಪಕ್ಷವೇ ಭರ್ಜರಿಯಾಗಿ ಗೆದ್ದಿತು. ಚೌಕ ತುಂಬಿದವರೇ ದೇಶ ಅಂದ್ಕೊಂಡವರಿಗೆ ಶಾಕ್ ಆಯ್ತು.

ಚುನಾವಣೆ ಒಳ್ಳೇ ಬಾಗಿಲು, ಆದ್ರೆ ಇಬ್ಬರೂ ಒಪ್ಪಿದ್ರೆ ಮಾತ್ರ. ಥಾಯ್ಲೆಂಡ್ ಪ್ರಧಾನಿ ಯಿಂಗ್ಲಕ್ 2013ರ ಡಿಸೆಂಬರ್‌ನಲ್ಲಿ ಸಂಸತ್ತು ವಿಸರ್ಜಿಸಿ ಬನ್ನಿ ಜನರ ಮುಂದೆ ಹೋಗೋಣ ಅಂದ್ರು, ಎದುರಾಳಿಗಳು ಬಹಿಷ್ಕಾರ ಹಾಕಿ ಎಷ್ಟೋ ಕಡೆ ವೋಟಿಂಗೇ ನಡೆಯೋಕೆ ಬಿಡಲಿಲ್ಲ, ಕೋರ್ಟ್ ಚುನಾವಣೆನೇ ರದ್ದು ಮಾಡ್ತು.

ಹಾಗಾಗಿ ಸೈನ್ ಹಾಕೋ ಮುಂಚೆ ಒಂದು ರಾತ್ರಿ ಬ್ರೇಕ್ ಕೇಳಿ. ಕರಡು ತಗೊಂಡು ಹೋಗಿ ಟೆಂಟ್‌ನಲ್ಲಿ ಜೋರಾಗಿ ಓದಿ, ಅತಿ ಹೆಚ್ಚು ಕೂಗಾಡೋನಿಗೆ ಮೊದಲು ಮೈಕ್ ಕೊಡಿ. ಮಂತ್ರಿನೂ ಅದೇ ರಾತ್ರಿ ತನ್ನ ಪಕ್ಷದ ಶಾಸಕರಿಗೆ ಓದಿ ತೋರಿಸ್ಲಿ, ಅಲ್ಲೂ ಕೂಗಾಡೋರು ಇರ್ತಾರೆ, ಟಿವಿಯಲ್ಲಿ ಕಾಣಲ್ಲ ಅಷ್ಟೇ.

ಹೆಜ್ಜೆ 9: ಎದ್ದು ಹೋಗೋದು

ತೈವಾನ್‌ನಲ್ಲಿ 2014ರ ಮಾರ್ಚ್ 18ಕ್ಕೆ ಚೀನಾ ಜೊತೆಗಿನ ವ್ಯಾಪಾರ ಒಪ್ಪಂದ ವಿರೋಧಿಸಿ ವಿದ್ಯಾರ್ಥಿಗಳು ಸಂಸತ್ತಿನ ಒಳಗೇ ಹೋಗಿ ಕೂತ್ರು. ಏಪ್ರಿಲ್ 6ಕ್ಕೆ ಸ್ಪೀಕರ್ ವಾಂಗ್ ಜಿನ್-ಪಿಂಗ್ ತಾವೇ ಅಲ್ಲಿಗೆ ಬಂದು, ಇಂಥ ಒಪ್ಪಂದಗಳ ಮೇಲೆ ಕಣ್ಣಿಡೋ ಕಾನೂನು ಆಗೋ ತನಕ ಇದನ್ನ ಚರ್ಚೆಗೆ ತಗೊಳ್ಳಲ್ಲ ಅಂದ್ರು. ಕೇಳಿದ್ದೆಲ್ಲಾ ಸಿಗಲಿಲ್ಲ, ಅಧ್ಯಕ್ಷರು ಅಂಥ ಮಾತು ಕೊಟ್ಟಿರಲಿಲ್ಲ, ಸ್ಪೀಕರ್ ಕೊಟ್ಟಿದ್ರು ಅಷ್ಟೇ. ಆದ್ರೂ ಅದನ್ನ ಹಿಡ್ಕೊಂಡು ಹೊರಗೆ ಹೋಗಬಹುದಿತ್ತು. ಹೋಗೋ ತಾರೀಕು ಅವರೇ ಮೊದಲೇ ಹೇಳಿದ್ರು, ಏಪ್ರಿಲ್ 10. ಪೊಲೀಸ್ ಎಳೆದು ಹಾಕೋ ಮುಂಚೆ ಹಾಲ್ ಗುಡಿಸಿ, ಕಸ ಎತ್ತಿ, ಸಂಜೆ ಹೊರಗೆ ನಡೆದ್ರು.