ಕುಡಿತ ಬಿಡಿಸಲು ಹೊರಟವರಿಗೆ: ಮೊದಲು ಡಾಕ್ಟರು, ಆಮೇಲೆ ಜೊತೆಗಾರರು

ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ ಚೀಟಿ ನೀವೂ ನೋಡಿರುತ್ತೀರಿ. ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು.’ ಕೆಳಗೊಂದು ಮೊಬೈಲ್ ನಂಬರ್. ಸಾರಿಗೆ ಪುಡಿ ಬೆರೆಸಿದರೆ ಮುಗೀತು ಅಂತಾರೆ. ದಯವಿಟ್ಟು ಬೇಡ. ಆ ಪುಡಿಯಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಕುಡಿತ ಬಿಡಿಸಲು ಡಾಕ್ಟರು ಕೊಡುವ ಡೈಸಲ್ಫಿರಾಮ್ ಅನ್ನುವ ಮಾತ್ರೆಯೇ ಅದರಲ್ಲಿದ್ದರೆ? ಅದನ್ನು ತಗೊಂಡು ಮೇಲೆ ಕುಡಿದರೆ ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ಡಾಕ್ಟರು ಅದನ್ನು ರೋಗಿಗೆ ತಿಳಿಸಿ, ಒಪ್ಪಿಸಿಯೇ ಕೊಡಬೇಕು. ಕದ್ದು ಹಾಕುವ ವಸ್ತು ಅದಲ್ಲ.

ಹಾಗಾದರೆ ಶುರು ಎಲ್ಲಿಂದ? ಒಂದು ಫೋನಿನಿಂದ. 14446 ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ. 14416 ಟೆಲಿ ಮನಸ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಇದು 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಕನ್ನಡದಲ್ಲೇ ಮಾತಾಡಬಹುದು. ಎರಡಕ್ಕೂ ಕಾಸಿಲ್ಲ. ಕುಡಿಯುವವರೇ ಮಾಡಬೇಕು ಅಂತಿಲ್ಲ, ಹೆಂಡತಿ, ಮಗ, ಯಾರಾದರೂ ಮಾಡಬಹುದು. ಮಾಡುವ ಮುಂಚೆ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ದಿನಕ್ಕೆ ಎಷ್ಟು ಕ್ವಾರ್ಟರ್? ಬೆಳಿಗ್ಗೆ ಎದ್ದ ಕೂಡಲೇ ಬೇಕೇ? ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ?

ಆ ಕೊನೆಯ ಪ್ರಶ್ನೆ ಬಹಳ ಮುಖ್ಯ. ವರ್ಷಗಟ್ಟಲೆ ದಿನಾ ಕುಡಿದವರು ‘ನಾಳೆಯಿಂದ ಮುಟ್ಟಲ್ಲ’ ಅಂತ ಆಣೆ ಮಾಡಿ ಒಮ್ಮೆಗೇ ನಿಲ್ಲಿಸಿದರೆ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಬರುವುದಿಲ್ಲ. ಕೆಲವರಿಗೆ ಎರಡು ದಿನದೊಳಗೆ ಫಿಟ್ಸ್ ಬರುತ್ತದೆ. ಎರಡನೇ, ಮೂರನೇ ದಿನ ಗೋಡೆ ಮೇಲೆ ಇಲ್ಲದ ಹುಳ ಕಾಣಿಸಿ ಕೂಗಾಡುವುದೂ ಉಂಟು. ಊರಲ್ಲಿ ಇದಕ್ಕೆ ಗಾಳಿ ಸೋಕಿದೆ ಅಂತಾರೆ. ಗಾಳಿಯಲ್ಲ, ಇದು ತುರ್ತಾಗಿ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ. ಅದಕ್ಕೇ ಬಿಡುವ ಮುಂಚೆ ಡಾಕ್ಟರನ್ನು ಕಾಣಿ. ತಾಲ್ಲೂಕು ಆಸ್ಪತ್ರೆಯಲ್ಲಿ ‘ಮನೋಚೈತನ್ಯ’ ಅನ್ನುವ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್ ಇದೆಯಾ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಪ್ರತ್ಯೇಕ ವಿಭಾಗವಿದೆ.

ಖಾಸಗಿ ಕೇಂದ್ರಕ್ಕೆ ಸೇರಿಸುವುದಾದರೆ ಸುಮ್ನೆ ದುಡ್ಡು ಕಟ್ಟಿ ಬರಬೇಡಿ. ನೋಂದಣಿ ಪತ್ರ ತೋರಿಸಿ ಅನ್ನಿ. ಡಾಕ್ಟರು ಯಾವಾಗ ಬರುತ್ತಾರೆ, ಒಳಗಿರುವವರು ಮನೆಗೆ ಫೋನ್ ಮಾಡಬಹುದಾ ಅಂತ ಕೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ವ್ಯಸನಿಗಳಿಗೂ ಅನ್ವಯಿಸುತ್ತದೆ. ಸರಪಳಿ ಹಾಕುವುದಕ್ಕೆ ಅದರಲ್ಲಿ ಪೂರ್ತಿ ನಿಷೇಧವಿದೆ.

ಹಳ್ಳಿಗಳಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಹೆಸರುವಾಸಿ. ನನಗೆ ಅದರಲ್ಲಿ ಹಿಡಿಸುವುದು ಶಿಬಿರ ಮುಗಿದ ಮೇಲಿನ ಭಾಗ. ಬಿಟ್ಟವರೆಲ್ಲ ಸೇರಿ ‘ನವಜೀವನ ಸಮಿತಿ’ ಮಾಡಿಕೊಂಡು ಆಗಾಗ ಸಭೆ ಸೇರುತ್ತಾರೆ. ಊರಿಗೆ ಬಂದ ಮೇಲೆ ಹಳೇ ಗೆಳೆಯರು, ಹಳೇ ಅಂಗಡಿ, ಸಂಬಳದ ದಿನ ಎಲ್ಲಾ ಅಲ್ಲೇ ಇರುತ್ತವೆ, ಅಲ್ವಾ?

ಇನ್ನೊಂದು ದಾರಿ ಎ.ಎ., ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕೆನ್ನುವವರೇ ಸಭೆ ಸೇರುವ ಗುಂಪು. ಅಮೆರಿಕದ ಏಕ್ರನ್ ಊರಲ್ಲಿ 1935ರಲ್ಲಿ ಇಬ್ಬರು ಕುಡುಕರು ಶುರು ಮಾಡಿದ್ದು. ಫೀಸಿಲ್ಲ. ಪೂರ್ತಿ ಹೆಸರು ಹೇಳಬೇಕಿಲ್ಲ. ‘ಓಪನ್’ ಸಭೆಗೆ ಮನೆಯವರೂ ಹೋಗಬಹುದು, ‘ಕ್ಲೋಸ್ಡ್’ ಸಭೆ ಬಿಡಬೇಕೆನ್ನುವವರಿಗೆ ಮಾತ್ರ. ನಮ್ಮ ಚಿಕ್ಕಪ್ಪನ ಜೊತೆ ನಾನೊಮ್ಮೆ ಹೋಗಿದ್ದೆ. ಹತ್ತು ಹನ್ನೆರಡು ಪ್ಲಾಸ್ಟಿಕ್ ಕುರ್ಚಿ, ಪೇಪರ್ ಲೋಟದಲ್ಲಿ ಟೀ. ಒಬ್ಬ ಆಟೋ ಚಾಲಕರು ಎದ್ದು, ನಾಲ್ಕು ತಿಂಗಳು ಬಿಟ್ಟಿದ್ದೆ, ಮೊನ್ನೆ ಅಣ್ಣನ ಮಗಳ ಮದುವೇಲಿ ಕುಡಿದುಬಿಟ್ಟೆ ಅಂದರು. ಯಾರೂ ಛೀ ಅನ್ನಲಿಲ್ಲ, ಬುದ್ಧಿ ಹೇಳಲಿಲ್ಲ. ಪಕ್ಕದವರು, ಯಾರ ಜೊತೆ ಕೂತಿದ್ರಿ, ಊಟ ಆಗಿತ್ತಾ ಅಂತ ಕೇಳಿದರು. ಹೊಟ್ಟೆ ಖಾಲಿ ಇದ್ದಾಗಲೇ ಆಸೆ ಜಾಸ್ತಿಯಂತೆ.

ಗಾಂಜಾ, ಬ್ರೌನ್ ಶುಗರ್ ಚಟಕ್ಕಾದರೆ ಇಂಥದ್ದೇ ಗುಂಪು ನಾರ್ಕೊಟಿಕ್ಸ್ ಅನಾನಿಮಸ್ ಇದೆ. ಪೊಲೀಸ್ ಕೇಸಿನ ಹೆದರಿಕೆಯಿಂದ ಎಷ್ಟೋ ಮನೆಯವರು ಮಗನನ್ನು ಮುಚ್ಚಿಡುತ್ತಾರೆ. ಎನ್‌ಡಿಪಿಎಸ್ ಅನ್ನುವ ಮಾದಕ ವಸ್ತು ಕಾಯ್ದೆಯ 64ಎ ಕಲಂ ಓದಿಸಿ ನೋಡಿ. ಸೇವನೆ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಸೇರಿದವರಿಗೆ ಅದರಲ್ಲಿ ರಕ್ಷಣೆಯಿದೆ. ಆದರೆ ಚಿಕಿತ್ಸೆ ಪೂರ್ತಿ ಮಾಡಬೇಕು.

ಕೊನೆಗೆ ಮನೆಯವರ ಮಾತು. ನಿಮಗೂ ಒಂದು ಗುಂಪಿದೆ, ಆಲ್-ಅನಾನ್. ಕುಡಿಯುವವರು ಬಿಟ್ಟ ಮೇಲೆ ಹೋಗೋಣ ಅಂತ ಕಾಯಬೇಡಿ. ಗಂಡ ಇನ್ನೂ ಕುಡಿಯುತ್ತಿದ್ದರೂ ನೀವು ಈ ವಾರವೇ ಹೋಗಿ ಕೂರಬಹುದು.