ಮಳೆ ಬಂದ ದಿನ ಎತ್ತಿನ ಕಣ್ಣಿ ಹೊಸೆಯುವುದು ಹೇಗೆ?

ಹಿರಿಯೂರು ಕಡೆಯ ಎರೆ ಹೊಲದಲ್ಲಿ ಜೋರು ಮಳೆ ಬಿದ್ದ ಮರುದಿನ ಎತ್ತು ಹೂಡುವ ಹಾಗಿಲ್ಲ. ಮಣ್ಣು ಕುಂಟೆಗೆ ಮುದ್ದೆಯಂತೆ ಮೆತ್ತಿಕೊಳ್ಳುತ್ತದೆ. ಅಂಥ ದಿನ ಪಡಸಾಲೆಯಲ್ಲಿ ಕೂತು ಕಣ್ಣಿ, ಅಂದರೆ ಎತ್ತಿನ ಕೊರಳಿಗೆ ಕಟ್ಟುವ ಹಗ್ಗ, ಹೊಸೆಯಬಹುದು. ಈ ಸಲ ಯುಗಾದಿಗೆ ಹೊನ್ನಾರು (ವರ್ಷದ ಮೊದಲ ಉಳುಮೆ) ಹೂಡುವ ಹೊತ್ತಿಗೆ ನಮ್ಮ ಓಣಿಯಲ್ಲೇ ಮೂರು ಹೊಸ ಕಣ್ಣಿ ಬಿಚ್ಚಿಕೊಂಡವು. ಮೂರರಲ್ಲೂ ತಪ್ಪು ಒಂದೇ.

ಕೊಳೆಹಾಕಿ, ಜಜ್ಜಿ, ತೊಳೆದು ಒಣಗಿಸಿದ ಕತ್ತಾಳೆ ನಾರು ತಗೊಳ್ಳಿ. ಹಸಿ ಪಟ್ಟೆ ಮುಟ್ಟಬೇಡಿ, ರಸ ತಾಗಿದರೆ ಮೈ ತುರಿಸುತ್ತದೆ. ಮಳೆಯ ತಂಪಿಗೆ ನಾರು ಮೆತ್ತಗಿರುತ್ತದೆ. ಬಿಸಿಲಿದ್ದರೆ ನೀರು ಚಿಮುಕಿಸಿ. ಸಂತೆಯ ನೈಲಾನ್ ಹಗ್ಗ ಅಗ್ಗ, ನಿಜ. ಎತ್ತು ಜಗ್ಗಿದರೆ ಕುತ್ತಿಗೆ ಕೊಯ್ಯುತ್ತದೆ. ನಮ್ಮ ಕೊಟ್ಟಿಗೆಗೆ ಅದು ಬರುವುದಿಲ್ಲ.

ಆರು ಮೊಳದ ಕಣ್ಣಿಗೆ ಒಂಬತ್ತು ಮೊಳದ ಮೂರು ಹುರಿ (ನಾರಿನ ಎಳೆ) ಬೇಕು. ಹೊಸೆಯುವಾಗ ಅಷ್ಟು ಗಿಡ್ಡವಾಗುತ್ತದೆ. ಮೂರನ್ನೂ ಒಂದೇ ಕಡೆಗೆ ತಿರುಗಿಸಿ. ಹೊಸ ನಾರನ್ನು ಒಂದೊಂದಾಗಿ ಸೇರಿಸಿ. ಎಲ್ಲ ತುದಿಗಳೂ ಒಂದೇ ಕಡೆ ಬಂದರೆ ಅಲ್ಲೇ ಕಿತ್ತುಹೋಗುತ್ತದೆ.

ಎಷ್ಟು ತಿರುಗಿಸಿದರೆ ಸಾಕು? ಹುರಿಯನ್ನು ಸ್ವಲ್ಪ ಸಡಿಲ ಬಿಡಿ. ತಾನಾಗೇ ಸುತ್ತಿ ತೊಡರಿಕೊಂಡರೆ ಸಾಕು. ಸುಮ್ನೆ ಜೋತುಬಿದ್ದರೆ ಇನ್ನೂ ತಿರುಗಿಸಿ.

ಎಲ್ಲರೂ ಕೆಡಿಸುವುದು ಇದರ ನಂತರ. ಮೂರು ತುದಿಗಳನ್ನು ಕಂಬಕ್ಕೆ ಕಟ್ಟಿ, ಮೂರನ್ನೂ ಸೇರಿಸಿ ಈಗ ಎದುರು ದಿಕ್ಕಿಗೆ ಹೊಸೆಯಬೇಕು. ಹುರಿ ಬಿಚ್ಚಿಕೊಳ್ಳಲು ನೋಡುತ್ತದೆ, ಹಗ್ಗ ಅದನ್ನು ಬಿಡುವುದಿಲ್ಲ. ಆ ಜಗ್ಗಾಟವೇ ಬಿಗಿ. ಅದೇ ದಿಕ್ಕಿಗೆ ಹೊಸೆದರೆ ಕೈ ಬಿಟ್ಟ ಕೂಡಲೇ ಬಿಚ್ಚುತ್ತದೆ. ನಮ್ಮ ಓಣಿಯವರು ದಿಕ್ಕು ಸರಿ ಹಿಡಿದಿದ್ದರು. ಆದರೆ ಎದುರು ಹೊಸೆಯುವಾಗ ಪ್ರತಿ ಹುರಿಯೂ ತನ್ನ ತಿರುವು ಕಳೆದುಕೊಳ್ಳುತ್ತದೆ, ಅದನ್ನು ಮರೆತರು. ಆದ್ದರಿಂದ ಗೇಣು ಗೇಣಿಗೆ ನಿಂತು ಮೂರಕ್ಕೂ ಮೊದಲಿನ ದಿಕ್ಕಿಗೆ ಮತ್ತೆ ತಿರುವು ಕೊಡಿ. ಒಬ್ಬರೇ ಮಾಡಬೇಡಿ. ಒಬ್ಬರು ಹೊಸೆಯಲಿ, ಇನ್ನೊಬ್ಬರು ಮೂರು ಹುರಿಯನ್ನೂ ಬೆರಳ ಸಂದಿಯಲ್ಲಿ ಬೇರೆ ಬೇರೆ ಹಿಡಿದು ಒಂದೇ ಸಮ ಎಳೆದಿರಲಿ. ಒಂದು ಸಡಿಲಾದರೆ ಭಾರವೆಲ್ಲ ಉಳಿದೆರಡರ ಮೇಲೆ. ಉಬ್ಬು ಕಂಡರೆ ಅಲ್ಲಿವರೆಗೂ ಬಿಚ್ಚಿ ಮತ್ತೆ ಹೊಸೆಯಿರಿ. ಬೇಜಾರಾಗುತ್ತೆ, ಆದರೂ ಬಿಚ್ಚಿ.

ತುದಿಗೆ ಗಂಟು ಹಾಕಿ. ಕಲ್ಲು ಕಟ್ಟಿ ರಾತ್ರಿಯಿಡೀ ತೊಲೆಗೆ ತೂಗುಬಿಡಿ. ಮೂಗುದಾರಕ್ಕೆ ಮಾತ್ರ ಈ ನಾರು ಬೇಡ, ತುಂಬಾ ಒರಟು. ಅದಕ್ಕೆ ಹತ್ತಿ ನೂಲು.